ಹಿತ್ತಲ ಹಕ್ಕಿಯ ಲೆಕ್ಕ ಇಡಿ

ಓದಿಗೆಂದೋ ಕೆಲಸಕ್ಕೆಂದೋ ಊರು ಬಿಟ್ಟು ಬ್ರಿಟನ್ನಿಗೆ ಬಂದಿರುವ ಹುಡುಗ ಹುಡುಗಿಯರೇ, ಯುಗಾದಿ ಊಟಕ್ಕೋ ರಾಜ್ಯೋತ್ಸವಕ್ಕೋ ಸೇರಿದಾಗ ನೀವು ನನ್ನನ್ನು ಹಿಡಿದು ನಿಲ್ಲಿಸಿ ಕೇಳುವುದು ಸಾಮಾನ್ಯವಾಗಿ ಒಂದೇ ಪ್ರಶ್ನೆ: "ಅಂಕಲ್, ಈ ದೇಶದಲ್ಲಿ ವೈಲ್ಡ್‌ಲೈಫ್ ನೋಡೋಕೆ ಎಲ್ಲಿಗೆ ಹೋಗಬೇಕು?" ನಾಗರಹೊಳೆಯಲ್ಲೋ ಕಬಿನಿಯಲ್ಲೋ ಜೀಪು ಹತ್ತಿ ಆನೆ, ಹುಲಿ ಹುಡುಕಿದವರಿಗೆ ಈ ಪ್ರಶ್ನೆ ಸಹಜವೇ. ವೇಲ್ಸಿನ ಸ್ಕೋಮರ್ ದ್ವೀಪದಲ್ಲಿ ಪಫಿನ್ ಹಕ್ಕಿಗಳಿವೆ. ಸ್ಕಾಟ್ಲೆಂಡಿನ ಮಲ್ ದ್ವೀಪದಲ್ಲಿ ಬಿಳಿಬಾಲದ ಹದ್ದುಗಳಿವೆ. ನಾರ್ಫಕ್ ಕಡಲ ದಂಡೆಯಲ್ಲಿ ಚಳಿಗಾಲ ಬಂತೆಂದರೆ ಸೀಲ್‌ಗಳು ಮರಿ ಹಾಕುತ್ತವೆ. ಎಲ್ಲವನ್ನೂ ನೋಡಿ ಬನ್ನಿ. ಅದಕ್ಕೂ ಮೊದಲು ಮಾಡಬೇಕಾದ ಕೆಲಸ ಒಂದಿದೆ. ನಿಮ್ಮ ಬಾಡಿಗೆ ಮನೆಯ ಹಿಂದಿನ ಪೊದೆಬೇಲಿಯಲ್ಲಿ ಗುಬ್ಬಚ್ಚಿಗಳು ಎಷ್ಟಿವೆ ಎಂದು ಎಣಿಸಿ, ತಾರೀಖು ಹಾಕಿ ಬರೆದಿಡಿ.

ನಗಬೇಡಿ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಹುಟ್ಟಿದ್ದೇ ನಮ್ಮ ಇಂಥ ಅಸಡ್ಡೆಯಿಂದ. ಅಪರೂಪದ ಜೀವಕ್ಕೆ ಕಾವಲಿಡುವವರು, ಹಣ ಹೊಂದಿಸುವವರು, ಸುದ್ದಿ ಮಾಡುವವರು ಹೇಗೋ ಸಿಗುತ್ತಾರೆ. ದಿನಾ ಕಣ್ಣಿಗೆ ಬೀಳುವ ಜೀವ ಕಡಿಮೆಯಾಗುತ್ತಾ ಹೋದರೆ ಯಾರಿಗೂ ಗೊತ್ತೇ ಆಗುವುದಿಲ್ಲ. ನಾನು ಜೀವವಿಜ್ಞಾನಿಯಲ್ಲ, ಆಸ್ಪತ್ರೆಯ ಔಷಧಿ ವಿಭಾಗದಲ್ಲಿ ದುಡಿದು ನಿವೃತ್ತನಾದವನು, ರಜೆಯ ದಿನಗಳನ್ನು ಇಲ್ಲಿಯ ಬೇಲಿ, ಹೊಳೆದಂಡೆ, ಹುಲ್ಲುಗಾವಲುಗಳಲ್ಲಿ ಕಳೆದವನು. ಅಷ್ಟು ಕಾಲದಲ್ಲಿ ನನಗೆ ಮನದಟ್ಟಾದ ಮಾತು ಇದು: ಸಾಮಾನ್ಯವಾದದ್ದನ್ನು ಅದು ಸಾಮಾನ್ಯವಾಗಿರುವಾಗಲೇ ನೋಡಿ ಬರೆದಿಡಬೇಕು.

ಗುಬ್ಬಚ್ಚಿಯಿಂದಲೇ ಶುರು ಮಾಡೋಣ. ಹಕ್ಕಿಗಳ ರಕ್ಷಣೆಗೆಂದೇ ಇರುವ ಇಲ್ಲಿಯ ದೊಡ್ಡ ಸಂಸ್ಥೆ ಆರ್‌ಎಸ್‌ಪಿಬಿ 1979ರಿಂದ ಪ್ರತಿ ಜನವರಿಯ ಕೊನೆಯ ವಾರಾಂತ್ಯದಲ್ಲಿ 'ಬಿಗ್ ಗಾರ್ಡನ್ ಬರ್ಡ್‌ವಾಚ್' ನಡೆಸುತ್ತದೆ. ಮಕ್ಕಳಿಗೆಂದು ಆರಂಭವಾದ ಕಾರ್ಯಕ್ರಮ ಅದು. ಒಂದು ಗಂಟೆ ಕಿಟಕಿ ಬಳಿ ಕೂತು ತೋಟಕ್ಕೆ ಬಂದ ಹಕ್ಕಿಗಳನ್ನು ಎಣಿಸಿ ಕಳಿಸುವುದು, ಅಷ್ಟೇ ಕೆಲಸ. ಈಗ ಲಕ್ಷಾಂತರ ಜನ ಎಣಿಸುತ್ತಾರೆ. ವರ್ಷ ವರ್ಷವೂ ಪಟ್ಟಿಯ ತಲೆಯಲ್ಲಿ ನಿಲ್ಲುವುದು ಗುಬ್ಬಚ್ಚಿಯೇ. ಹಾಗಿದ್ದೂ ಅದೇ ಲೆಕ್ಕದ ಪ್ರಕಾರ ತೋಟಗಳ ಗುಬ್ಬಚ್ಚಿ 1979ರಿಂದ ಅರ್ಧಕ್ಕಿಂತ ಹೆಚ್ಚು ಇಳಿದಿದೆ. 2002ರಲ್ಲಿ ಅದನ್ನು ಅಪಾಯದಲ್ಲಿರುವ ಹಕ್ಕಿಗಳ ಕೆಂಪು ಪಟ್ಟಿಗೆ ಸೇರಿಸಿದರು. ಮೊದಲ ಸ್ಥಾನದಲ್ಲಿರುವ ಹಕ್ಕಿಯೇ ಕೆಂಪು ಪಟ್ಟಿಯಲ್ಲೂ ಇದೆ ಎಂಬ ಈ ವಿಚಿತ್ರ, ಎಣಿಸದೆ ಇದ್ದಿದ್ದರೆ ಯಾರ ಗಮನಕ್ಕೂ ಬರುತ್ತಿರಲಿಲ್ಲ. ಇಂದು ಆರು ಗುಬ್ಬಚ್ಚಿ ಕಂಡ ಹುಡುಗನಿಗೆ ಆರೇ ಸಮೃದ್ಧಿ. ಅದೇ ಬೇಲಿಯಲ್ಲಿ ಹಿಂದೆ ಇಪ್ಪತ್ತು ಇದ್ದವು ಎಂದು ಹೇಳಬಲ್ಲದ್ದು ಹಳೆಯ ಟಿಪ್ಪಣಿ ಮಾತ್ರ.

ಇದು ಗುಬ್ಬಚ್ಚಿಯೊಂದರ ಕಥೆಯಲ್ಲ. 2023ರ 'ಸ್ಟೇಟ್ ಆಫ್ ನೇಚರ್' ವರದಿಯ ಪ್ರಕಾರ, ಅಧ್ಯಯನಕ್ಕೆ ಒಳಪಟ್ಟ ಜೀವಿಗಳ ಸಂಖ್ಯೆ 1970ರಿಂದ ಸರಾಸರಿ ಶೇ. 19ರಷ್ಟು ಇಳಿದಿದೆ. ಪರಿಶೀಲಿಸಿದ ಸುಮಾರು ಹತ್ತು ಸಾವಿರ ಪ್ರಭೇದಗಳಲ್ಲಿ ಆರಕ್ಕೊಂದು ಈ ನೆಲದಿಂದ ಅಳಿಯುವ ಅಪಾಯದಲ್ಲಿದೆ. 1930ರ ದಶಕದಿಂದೀಚೆಗೆ ಇಂಗ್ಲೆಂಡ್, ವೇಲ್ಸ್‌ಗಳ ಹೂವಿನ ಹುಲ್ಲುಗಾವಲುಗಳಲ್ಲಿ ಶೇ. 97ರಷ್ಟು ಇಲ್ಲವಾಗಿವೆ. ರೈಲಿನ ಕಿಟಕಿಯಿಂದ ನೋಡಿದರೆ ಈ ದೇಶ ಹಸಿರೋ ಹಸಿರು. ಆ ಹಸಿರಿನಲ್ಲಿ ಬಹಳಷ್ಟು ಒಂದೆರಡೇ ಜಾತಿಯ ಹುಲ್ಲು, ಗೊಬ್ಬರ ಹಾಕಿ ಕುರಿ ದನಗಳಿಗೆ ಬೆಳೆಸಿದ್ದು. ಹೂವಿಲ್ಲದ ಕಡೆ ಹುಳುವಿಲ್ಲ, ಹುಳುವಿಲ್ಲದ ಕಡೆ ಮರಿಗೆ ಗುಟುಕು ಕೊಡುವ ಹಕ್ಕಿಯೂ ಇಲ್ಲ. ಕಣ್ಣಿಗೆ ತಂಪೆನಿಸಿದ್ದೆಲ್ಲ ಜೀವಕ್ಕೆ ತಂಪಲ್ಲ ಎನ್ನುವುದು ನೀವು ಇಲ್ಲಿ ಕಲಿಯಬೇಕಾದ ಮೊದಲ ಪಾಠ.

ನೋಡುವುದು ಹೇಗೆ ಎಂದರೆ, ನಾನು ತೋರಿಸುವುದು ಗಿಲ್ಬರ್ಟ್ ವೈಟ್ ಎಂಬ ಹಳ್ಳಿಯ ಪಾದ್ರಿಯನ್ನು. 1720ರಲ್ಲಿ ಹ್ಯಾಂಪ್‌ಷೈರಿನ ಸೆಲ್‌ಬೋರ್ನ್‌ನಲ್ಲಿ ಹುಟ್ಟಿ, ಬದುಕಿನ ಬಹುಪಾಲನ್ನು ಅಲ್ಲಿಯೇ ಕಳೆದು, 1793ರಲ್ಲಿ ಅಲ್ಲಿಯೇ ತೀರಿಕೊಂಡವನು. ದೂರದೇಶಗಳ ಯಾತ್ರೆ ಮಾಡಲಿಲ್ಲ. ಇಬ್ಬರು ಮಿತ್ರರಿಗೆ ತನ್ನ ಊರಿನ ಹಕ್ಕಿ, ಮಳೆ, ಹುಳುಗಳ ಬಗ್ಗೆ ಪತ್ರ ಬರೆದ. 1789ರಲ್ಲಿ ಅವು ಪುಸ್ತಕವಾದವು. ಹಸಿರು ಹಳದಿ ಬಣ್ಣದ, ಹೆಬ್ಬೆರಳಿಗಿಂತ ಸ್ವಲ್ಪ ದೊಡ್ಡದಾದ ಎಲೆಹಕ್ಕಿಗಳು ಇಲ್ಲಿ ಬೇಸಿಗೆಗೆ ಬರುತ್ತವೆ. ನೋಡಲು ಎಲ್ಲ ಒಂದೇ. ಅವು ಒಂದಲ್ಲ, ಮೂರು ಜಾತಿ ಎಂದು ಮುಖ್ಯವಾಗಿ ಹಾಡು ಕೇಳಿಯೇ ಬೇರ್ಪಡಿಸಿ ಹೇಳಿದವನು ಈತ. ಇವತ್ತಿಗೂ ಅವನ್ನು ಚಿಫ್‌ಚಾಫ್, ವಿಲೋ ವಾರ್ಬ್ಲರ್, ವುಡ್ ವಾರ್ಬ್ಲರ್ ಎಂದು ಹಾಡಿನಿಂದಲೇ ಗುರುತಿಸುತ್ತೇವೆ. ಎರೆಹುಳುವನ್ನು ತೋಟದ ಪೀಡೆ ಎಂದು ಜನ ತುಳಿಯುತ್ತಿದ್ದ ಕಾಲದಲ್ಲಿ ಅದಿಲ್ಲದೆ ನೆಲ ಬಂಜರಾದೀತು ಎಂದು ಬರೆದ. ಚಾರ್ಲ್ಸ್ ಡಾರ್ವಿನ್ ಎರೆಹುಳುವಿನ ಮೇಲೆ ಒಂದು ಪುಸ್ತಕವನ್ನೇ ಬರೆದದ್ದು ಅದಾಗಿ ಸುಮಾರು ನೂರು ವರ್ಷಕ್ಕೆ, 1881ರಲ್ಲಿ.

ವೈಟ್‌ನ ಬಳಿ ದುರ್ಬೀನು, ಕ್ಯಾಮೆರಾ ಇರಲಿಲ್ಲ. ಅವನಿಗಿದ್ದದ್ದು ಒಂದೇ ಜಾಗಕ್ಕೆ ಮತ್ತೆ ಮತ್ತೆ ಹೋಗುವ ಅಭ್ಯಾಸ ಮತ್ತು ದಿನಚರಿ. ನೀವೂ ಒಂದು ಜಾಗ ಆರಿಸಿಕೊಳ್ಳಿ. ಯೂನಿವರ್ಸಿಟಿ ಹಿಂದಿನ ಕಾಲುವೆ ದಾರಿ ಆಗಬಹುದು, ಆಫೀಸಿನ ಕಾರ್ ಪಾರ್ಕಿನ ಅಂಚು ಆಗಬಹುದು, ಹಳೆಯ ಚರ್ಚಿನ ಸ್ಮಶಾನ ಆಗಬಹುದು. ಇಲ್ಲಿಯ ಹಳೆಯ ಸ್ಮಶಾನಗಳನ್ನು ಉಳುವವರಿಲ್ಲ, ಗೊಬ್ಬರ ಸುರಿಯುವವರಿಲ್ಲ. ಹೀಗಾಗಿ ಗದ್ದೆಗಳಲ್ಲಿ ಇಲ್ಲವಾದ ಹೂಗಳು ಸಮಾಧಿಗಳ ನಡುವೆ ಉಳಿದಿವೆ. ಭೂತಪ್ರೇತದ ಹೆದರಿಕೆ ಬದಿಗಿಟ್ಟು ಒಳಗೆ ಹೋಗಿ. ಜನವರಿಯಲ್ಲಿ ಒಮ್ಮೆ, ಏಪ್ರಿಲ್‌ನಲ್ಲಿ ಒಮ್ಮೆ, ಜೂನ್‌ನಲ್ಲಿ ಒಮ್ಮೆ ಅದೇ ಜಾಗವನ್ನು ನೋಡಿದವನಿಗೆ ಗೊತ್ತಾಗುವಷ್ಟು, ಹತ್ತು ಅಭಯಾರಣ್ಯಗಳಿಗೆ ತಲಾ ಒಂದೊಂದು ಸಲ ಹೋಗಿಬಂದವನಿಗೆ ಗೊತ್ತಾಗುವುದಿಲ್ಲ.

ಬರೆದದ್ದನ್ನು ಒಬ್ಬರೇ ಇಟ್ಟುಕೊಳ್ಳಬೇಡಿ ಎನ್ನುವುದು ಮುಂದಿನ ಮಾತು. ಇದಕ್ಕೆ ನಮ್ಮ ದೇಶಕ್ಕೂ ಈ ದೇಶಕ್ಕೂ ಸೇರಿದ ಒಬ್ಬ ಮನುಷ್ಯನ ಕಥೆ ಇದೆ. ಎ. ಓ. ಹ್ಯೂಮ್ ಎಂದರೆ 1885ರಲ್ಲಿ ಕಾಂಗ್ರೆಸ್ ಕಟ್ಟಿದವರ ಪೈಕಿ ಒಬ್ಬ ಎಂದು ಶಾಲೆಯಲ್ಲಿ ಓದಿದ್ದೀರಿ. ಆತ ಭಾರತದ ಹಕ್ಕಿಗಳ ಮಹಾ ಸಂಗ್ರಾಹಕನೂ ಆಗಿದ್ದ. ಭಾರತದ ಹಕ್ಕಿಗಳ ಮೇಲೆ ದೊಡ್ಡ ಗ್ರಂಥ ಬರೆಯಬೇಕೆಂದು ವರ್ಷಾನುಗಟ್ಟಲೆ ಟಿಪ್ಪಣಿ ಕೂಡಿಹಾಕಿದ್ದ. ಚಳಿಗಾಲದಲ್ಲಿ ಶಿಮ್ಲಾದ ಮನೆಯಲ್ಲಿ ಆತ ಇಲ್ಲದಿದ್ದಾಗ ಕೆಲಸದಾಳು ಆ ಹಸ್ತಪ್ರತಿಗಳನ್ನು ಬಜಾರಿನಲ್ಲಿ ರದ್ದಿ ಕಾಗದವೆಂದು ಮಾರಿಬಿಟ್ಟ. ಹ್ಯೂಮ್ ಮತ್ತೆ ಆ ಗ್ರಂಥಕ್ಕೆ ಕೈ ಹಾಕಲಿಲ್ಲ. 80 ಸಾವಿರಕ್ಕೂ ಹೆಚ್ಚು ಹಕ್ಕಿ, ಮೊಟ್ಟೆಗಳ ತನ್ನ ಸಂಗ್ರಹವನ್ನು ಬ್ರಿಟಿಷ್ ಮ್ಯೂಸಿಯಮ್ಮಿಗೆ ಕೊಟ್ಟುಬಿಟ್ಟ. ಇಂಗ್ಲೆಂಡಿಗೆ ಮರಳಿದ ಮೇಲೆ ಮುದಿವಯಸ್ಸಿನಲ್ಲಿ ಹಿಡಿದದ್ದು ಇಲ್ಲಿಯ ಕಾಡುಗಿಡಗಳನ್ನು. 1910ರಲ್ಲಿ, ಸಾಯುವುದಕ್ಕೆ ಎರಡು ವರ್ಷ ಮುಂಚೆ, ಆತ ಕಟ್ಟಿದ ಸೌತ್ ಲಂಡನ್ ಬೊಟಾನಿಕಲ್ ಇನ್‌ಸ್ಟಿಟ್ಯೂಟ್ ಇಂದಿಗೂ ಟಲ್ಸ್ ಹಿಲ್‌ನಲ್ಲಿದೆ. ಲಂಡನ್ನಿನಲ್ಲಿರುವವರು ಹೋಗಿ ನೋಡಿ. ಮ್ಯೂಸಿಯಮ್ಮಿಗೆ ಕೊಟ್ಟದ್ದು ಉಳಿಯಿತು, ಮನೆಯಲ್ಲಿ ಇಟ್ಟುಕೊಂಡದ್ದು ರದ್ದಿಗೆ ಹೋಯಿತು. ನಿಮ್ಮ ಫೋನಿನ ಫೋಟೊಗಳಿಗೂ ಇದೇ ಮಾತು.

ಹಂಚಿಕೊಳ್ಳುವುದಕ್ಕೆ ಇಲ್ಲಿ ದಾರಿಗಳು ಬೇಕಾದಷ್ಟಿವೆ. ಬಿಟಿಒ ಎಂದು ಕರೆಯುವ ಬ್ರಿಟಿಷ್ ಟ್ರಸ್ಟ್ ಫಾರ್ ಆರ್ನಿಥಾಲಜಿ 1994ರಿಂದ ನಡೆಸುತ್ತಿರುವ ಹಕ್ಕಿ ಸಮೀಕ್ಷೆ ಬಹುಮಟ್ಟಿಗೆ ಹವ್ಯಾಸಿಗಳ ಹೆಗಲ ಮೇಲಿದೆ. ನಿಮಗೊಂದು ಚದರ ಕಿಲೋಮೀಟರ್ ಜಾಗ ಗೊತ್ತುಮಾಡಿ ಕೊಡುತ್ತಾರೆ. ಜಾಗವನ್ನು ಆರಿಸುವುದು ಕಂಪ್ಯೂಟರ್. ಚೆಂದದ ಜಾಗವೇ ಬೇಕೆಂದು ಕೇಳುವ ಹಾಗಿಲ್ಲ. ವಸಂತ ಮತ್ತು ಬೇಸಿಗೆಯ ಮೊದಲ ಭಾಗದಲ್ಲಿ ಎರಡು ಮುಂಜಾನೆ ಅಲ್ಲಿ ನಡೆದು, ಕಂಡ ಮತ್ತು ಕೇಳಿದ ಹಕ್ಕಿಗಳನ್ನೆಲ್ಲ ದಾಖಲಿಸಬೇಕು. ಚಿಟ್ಟೆಗಳಿಗೆ 1976ರಿಂದ ಇಂಥದೇ ವ್ಯವಸ್ಥೆಯಿದೆ: ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ವಾರಕ್ಕೊಮ್ಮೆ ಒಂದೇ ದಾರಿಯಲ್ಲಿ ಒಂದೇ ವೇಗದಲ್ಲಿ ನಡೆದು ಎಣಿಸುವುದು. ಬೂದು ಬಕಗಳ ಗೂಡುಗಳನ್ನಂತೂ 1928ರಿಂದ ಬಿಡದೆ ಎಣಿಸುತ್ತಾ ಬಂದಿದ್ದಾರೆ. ಏನೂ ಸಿಗದ ದಿನವನ್ನೂ ಬರೆಯಬೇಕು. 'ಇವತ್ತು ಒಂದೂ ಇಲ್ಲ' ಎಂಬ ಸಾಲಿಗೆ 'ಹದಿನೈದು ಇದ್ದವು' ಎಂಬ ಸಾಲಿನಷ್ಟೇ ಬೆಲೆ.

ಲೆಕ್ಕ ಇಟ್ಟರೆ ಏನಾಗುತ್ತದೆ ಎನ್ನುವವರಿಗೆ ಪೆರಿಗ್ರಿನ್ ಡೇಗೆಯ ಕಥೆ ಹೇಳುತ್ತೇನೆ. 1960ರ ಸುಮಾರಿಗೆ ಇಲ್ಲಿಯ ಪಂದ್ಯದ ಪಾರಿವಾಳ ಸಾಕುವವರು ಸರ್ಕಾರಕ್ಕೆ ದೂರಿತ್ತರು: ಡೇಗೆಗಳು ವಿಪರೀತ ಹೆಚ್ಚಾಗಿವೆ, ನಮ್ಮ ಹಕ್ಕಿಗಳನ್ನು ಹೊಡೆದು ತಿನ್ನುತ್ತಿವೆ, ಇವಕ್ಕಿರುವ ಕಾನೂನಿನ ರಕ್ಷಣೆ ತೆಗೆಯಿರಿ. ದೂರು ನಿಜವೇ ಎಂದು ನೋಡಲು ಬಿಟಿಒಗೆ ಎಣಿಸಲು ಹೇಳಿದರು. ಡೆರೆಕ್ ರಾಟ್‌ಕ್ಲಿಫ್ ಎಂಬ ವಿಜ್ಞಾನಿಯ ಮುಂದಾಳುತನದಲ್ಲಿ ಹವ್ಯಾಸಿಗಳು ದೇಶದ ಬಂಡೆಗೂಡುಗಳನ್ನೆಲ್ಲ ಹತ್ತಿಳಿದು ನೋಡಿದರೆ ಸಿಕ್ಕ ಉತ್ತರ ತಿರುವುಮುರುವು: ಡೇಗೆಗಳು ಹೆಚ್ಚಾಗುವುದಿರಲಿ, ಅಳಿವಿನ ಅಂಚಿಗೆ ಬಂದಿದ್ದವು. ಗೂಡಿನಲ್ಲಿ ಮೊಟ್ಟೆಗಳು ಒಡೆದು ಹೋಗುತ್ತಿದ್ದವು. ರಾಟ್‌ಕ್ಲಿಫ್ ಹಳೆಯ ಸಂಗ್ರಹಗಳಲ್ಲಿದ್ದ ಮೊಟ್ಟೆಗಳನ್ನು ತೂಗಿ ಅಳೆದ. ಎರಡನೇ ಮಹಾಯುದ್ಧದ ನಂತರದ ವರ್ಷಗಳಲ್ಲಿ ಚಿಪ್ಪು ಇದ್ದಕ್ಕಿದ್ದಂತೆ ತೆಳ್ಳಗಾಗಿತ್ತು. ಡಿಡಿಟಿ ಬಳಕೆಗೆ ಬಂದ ಕಾಲವದು. 1967ರಲ್ಲಿ ಇದು ಪ್ರಕಟವಾಯಿತು. ವಿಷಗಳಿಗೆ ಹಂತ ಹಂತವಾಗಿ ಕಡಿವಾಣ ಬಿತ್ತು. ಈಗ ಡರ್ಬಿ, ನಾರಿಚ್ ಕೆಥೆಡ್ರಲ್‌ಗಳ ಗೋಪುರದಲ್ಲಿ, ಲಂಡನ್ನಿನ ಎತ್ತರದ ಕಟ್ಟಡಗಳಲ್ಲಿ ಡೇಗೆಗಳು ಗೂಡು ಮಾಡುತ್ತಿವೆ. ಅವತ್ತು ಎಣಿಸದೆ ದೂರನ್ನು ನಂಬಿದ್ದರೆ ಉಳಿದಿದ್ದ ನಾಲ್ಕನ್ನೂ ಸರ್ಕಾರವೇ ಕೊಲ್ಲಿಸುತ್ತಿತ್ತೇನೋ. ನಮ್ಮ ಬೆಂಗಳೂರಿನಲ್ಲೂ ಮೊಬೈಲ್ ಟವರ್ ಬಂದು ಗುಬ್ಬಚ್ಚಿ ನಾಶವಾಯಿತು ಎಂಬ ಮಾತು ವರ್ಷಗಳಿಂದ ಓಡಾಡುತ್ತಿದೆ. ಹವ್ಯಾಸಿಗಳ ದಾಖಲೆಗಳಿಂದಲೇ ಹುಟ್ಟಿದ 2020ರ ಭಾರತದ ಹಕ್ಕಿಗಳ ವರದಿ, ಬೆಂಗಳೂರೂ ಸೇರಿ ಮಹಾನಗರಗಳಲ್ಲಿ ಗುಬ್ಬಚ್ಚಿ ಇಳಿದಿದೆ, ಒಟ್ಟು ದೇಶದಲ್ಲಿ ಹೆಚ್ಚುಕಡಿಮೆ ಸ್ಥಿರವಾಗಿದೆ ಎಂದಿತು. ಊಹೆಗೆ ಉತ್ತರ ಕೊಡಬಲ್ಲದ್ದು ಎಣಿಕೆ.

ಇನ್ನು ಪ್ರೀತಿಯ ಬಗ್ಗೆ ಒಂದು ಎಚ್ಚರಿಕೆ. 'ನಾನು ಪ್ರಕೃತಿ ಪ್ರೇಮಿ' ಎಂದು ನಿಮ್ಮ ಪ್ರೊಫೈಲಿನಲ್ಲಿ ಬರೆದುಕೊಂಡಿದ್ದೀರಿ, ಸಂತೋಷ. ಪ್ರೀತಿಗೆ ತಿಳಿವಳಿಕೆ ಜೊತೆಯಾಗದಿದ್ದರೆ ಏನಾಗುತ್ತದೆ ಎನ್ನುವುದಕ್ಕೆ ಲಾರ್ಜ್ ಬ್ಲೂ ಎಂಬ ನೀಲಿ ಚಿಟ್ಟೆ ಸಾಕ್ಷಿ. ಇಪ್ಪತ್ತನೇ ಶತಮಾನದಲ್ಲಿ ಅದು ಇಂಗ್ಲೆಂಡಿನಲ್ಲಿ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಾ ಬಂತು. ಚಿಟ್ಟೆ ಹಿಡಿಯುವ ಹವ್ಯಾಸಿಗಳೇ ಕಾರಣ ಎಂದು ಎಲ್ಲರೂ ನಂಬಿದರು. ಅದು ಇದ್ದ ಜಾಗಕ್ಕೆ ಬೇಲಿ ಹಾಕಿ ಜನರನ್ನು ತಡೆದರು. ಬೇಲಿಯ ಜೊತೆಗೆ ಕುರಿ ದನಗಳೂ ಹೊರಗುಳಿದವು. ಅಲ್ಲಿಂದಲೂ ಚಿಟ್ಟೆ ಮರೆಯಾಯಿತು.

ಜೆರೆಮಿ ಥಾಮಸ್ ಎಂಬ ಯುವ ವಿಜ್ಞಾನಿ 1970ರ ದಶಕದಲ್ಲಿ ಉಳಿದಿದ್ದ ಕೊನೆಯ ತಾಣದಲ್ಲಿ ಬೇಸಿಗೆ ಬೇಸಿಗೆಯೂ ನೆಲಕ್ಕೆ ಮೊಗವಿಟ್ಟು ಕೂತು ನೋಡಿದ. ಈ ಚಿಟ್ಟೆ ಕಾಡು ಥೈಮ್ ಗಿಡದ ಮೊಗ್ಗಿನಲ್ಲಿ ಮೊಟ್ಟೆ ಇಡುತ್ತದೆ. ಮರಿಹುಳು ಎರಡು ಮೂರು ವಾರ ಹೂ ತಿಂದು ನೆಲಕ್ಕೆ ಉದುರುತ್ತದೆ. ಉದುರಿ ಸಿಹಿ ರಸ ಒಸರುತ್ತದೆ. ಕೆಂಪಿರುವೆಯೊಂದು ಅದನ್ನು ತನ್ನ ಗೂಡಿನದೇ ಮರಿ ಎಂದು ಬಗೆದು ಹೊತ್ತೊಯ್ಯುತ್ತದೆ. ಒಳಗೆ ಹೋದ ಅತಿಥಿ ಸುಮಾರು ಹತ್ತು ತಿಂಗಳು ಇರುವೆಯ ಮರಿಗಳನ್ನೇ ತಿಂದು ಬೆಳೆದು, ಮರುವರ್ಷ ಬೇಸಿಗೆಯಲ್ಲಿ ಚಿಟ್ಟೆಯಾಗಿ ಹೊರಬರುತ್ತದೆ. ಕೆಂಪಿರುವೆಗಳಲ್ಲಿ ಹಲವು ಜಾತಿಗಳಿವೆ. ಮರಿಹುಳು ಚೆನ್ನಾಗಿ ಬದುಕುಳಿಯುವುದು ಒಂದೇ ಜಾತಿಯ ಗೂಡಿನಲ್ಲಿ. ಆ ಇರುವೆಗೋ ಬಿಸಿಲು ನೇರ ಬೀಳುವ ಬೆಚ್ಚನೆಯ ನೆಲವೇ ಬೇಕು. ಹುಲ್ಲು ಮೂರು ಸೆಂಟಿಮೀಟರ್ ದಾಟಿ ಬೆಳೆದರೆ ನೆಲ ತಣ್ಣಗಾಗಿ ಇರುವೆ ಜಾಗ ಖಾಲಿ ಮಾಡುತ್ತದೆ. 1950ರ ದಶಕದಲ್ಲಿ ಮಿಕ್ಸೊಮಟೋಸಿಸ್ ರೋಗ ಬಂದು ಮೊಲಗಳು ಸತ್ತಿದ್ದವು, ಗುಡ್ಡಗಳಲ್ಲಿ ಮೇಯಿಸುವುದನ್ನು ರೈತರು ಬಿಟ್ಟಿದ್ದರು. ಹುಲ್ಲು ಎತ್ತರವಾಯಿತು, ಇರುವೆ ಹೋಯಿತು, ಅದರ ಹಿಂದೆ ಚಿಟ್ಟೆ ಹೋಯಿತು. ಗುಟ್ಟು ತಿಳಿಯುವಷ್ಟರಲ್ಲಿ ಹೊತ್ತು ಮೀರಿತ್ತು. 1979ರಲ್ಲಿ ಲಾರ್ಜ್ ಬ್ಲೂ ಬ್ರಿಟನ್ನಿನಿಂದ ಅಳಿಯಿತು. ಆದರೂ ತಿಳಿದದ್ದು ವ್ಯರ್ಥವಾಗಲಿಲ್ಲ. ಮೇಯಿಸುವುದು ಮತ್ತೆ ಶುರುವಾಯಿತು, ಪೊದೆ ಕಡಿದರು, 1983ರಿಂದ ಸ್ವೀಡನ್ನಿನ ಚಿಟ್ಟೆಗಳನ್ನು ತಂದು ಬಿಟ್ಟರು. ಸಾಮರ್‌ಸೆಟ್‌ನ ಕೊಲಾರ್ಡ್ ಹಿಲ್‌ಗೆ ಜೂನ್ ತಿಂಗಳಲ್ಲಿ ಹೋದರೆ ನೀವೂ ನೋಡಬಹುದು. ಯಾವ ಜೀವಕ್ಕಾದರೂ ಸಹಾಯ ಮಾಡುವ ಮುನ್ನ ಅದಕ್ಕೆ ಏನು ಬೇಕು ಎಂದು ತಿಳಿಯಿರಿ. ಹೆಡ್ಜ್‌ಹಾಗ್ ಕಂಡರೆ ಹಾಲು ಬ್ರೆಡ್ಡು ಇಡುವುದು ಇಲ್ಲಿ ಹಳೆಯ ರೂಢಿ. ಹಾಲು ಅದಕ್ಕೆ ಅರಗುವುದಿಲ್ಲ, ಹೊಟ್ಟೆ ಕೆಡುತ್ತದೆ. ಒಂದು ಬಟ್ಟಲು ನೀರು ಇಡಿ, ಸಾಕು.

ನಿಮ್ಮಲ್ಲಿ ಕೆಲವರು ಬಾಯಿಬಿಟ್ಟು ಹೇಳದ ಅಳುಕು ಒಂದಿದೆ, ನನಗೆ ಗೊತ್ತು. ಹಳ್ಳಿಗಾಡಿನ ಕಾಲುದಾರಿಯಲ್ಲಿ ನಮ್ಮ ಮೈಬಣ್ಣದವರು ಕಡಿಮೆ. ದುರ್ಬೀನು ಹಿಡಿದು ನಿಂತರೆ ಯಾರಾದರೂ ಏನಾದರೂ ಅಂದುಕೊಂಡಾರೇ ಎನಿಸುತ್ತದೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಸಾರ್ವಜನಿಕ ಕಾಲುದಾರಿಗಳಲ್ಲಿ ನಡೆಯುವ ಹಕ್ಕು ಎಲ್ಲರದು. ನಕ್ಷೆಯಲ್ಲಿ ದಾರಿ ನೋಡಿಕೊಂಡು ಧೈರ್ಯವಾಗಿ ನಡೆಯಿರಿ, ಗೇಟುಗಳನ್ನು ಇದ್ದ ಹಾಗೆಯೇ ಬಿಡಿ. ಬಾಂಗ್ಲಾದೇಶ ಮೂಲದ ಮಯಾ ರೋಸ್ ಕ್ರೇಗ್ ಎಂಬ ಹುಡುಗಿ ಇನ್ನೂ ಶಾಲೆಯಲ್ಲಿದ್ದಾಗಲೇ ಈ ಕೊರತೆ ಕಂಡು ಬ್ಲ್ಯಾಕ್‌ಟುನೇಚರ್ ಎಂಬ ಸಂಘಟನೆ ಕಟ್ಟಿ, ನಗರಗಳ ಕಪ್ಪು, ಏಷ್ಯನ್ ಮಕ್ಕಳನ್ನು ಹಕ್ಕಿ ನೋಡಲು ಕರೆದೊಯ್ದಳು. ಹೊರಗಿನಿಂದ ಬಂದವರು ನಾವಷ್ಟೇ ಅಲ್ಲ: ಲಂಡನ್ನಿನ ಪಾರ್ಕುಗಳಲ್ಲಿ ಕೀರಲು ದನಿಯಲ್ಲಿ ಕೂಗುತ್ತಾ ಹಾರುವ ಹಸಿರು ಗಿಳಿಗಳನ್ನು ನೋಡಿದ್ದೀರಲ್ಲ, ನಮ್ಮ ಹಲಸು ಮಾವಿನ ಮರಗಳ ಗಿಳಿಯ ಜಾತಿಯೇ ಅದು. ಪಂಜರ ತಪ್ಪಿಸಿಕೊಂಡು, 1970ರ ಆಸುಪಾಸಿನಿಂದ ಇಲ್ಲಿ ಮರಿ ಮಾಡುತ್ತಾ ನೆಲೆಯೂರಿದೆ.

ಆದರೆ ಊರಿನ ಪರಿಚಯವಿದೆ ಎಂಬ ಮಮತೆಯಿಂದ ಎಲ್ಲವನ್ನೂ ಒಪ್ಪಿಕೊಳ್ಳುವುದಕ್ಕೂ ಆಗದು. ಹಿಮಾಲಯದಿಂದ 1839ರಲ್ಲಿ ತೋಟದ ಅಲಂಕಾರಕ್ಕೆಂದು ತಂದ ಗುಲಾಬಿ ಹೂವಿನ ಬಾಲ್ಸಮ್, ನಮ್ಮ ಕರ್ಣಕುಂಡಲದ ಬಳಗದ್ದು, ಇಂದು ಇಲ್ಲಿಯ ಹೊಳೆದಂಡೆಗಳನ್ನು ಆವರಿಸಿದೆ. ಕಾಯಿ ಸಿಡಿದರೆ ಬೀಜ ಏಳು ಮೀಟರಿನವರೆಗೆ ಹಾರುತ್ತದೆ. ಬೇಸಿಗೆಯಲ್ಲಿ ಬೇರೆ ಗಿಡಗಳಿಗೆ ಬಿಸಿಲು ಬಿಡದೆ ಬೆಳೆದು ಚಳಿಗಾಲಕ್ಕೆ ಸಾಯುತ್ತದೆ. ಬೆತ್ತಲಾದ ದಂಡೆ ಕೊಚ್ಚಿಹೋಗುತ್ತದೆ. ಬ್ರಿಟಿಷರ ಕಾಲದಲ್ಲಿ ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ಹೂವಿನ ಗಿಡವಾಗಿ ಬಂದ ಲಂಟಾನ ಬಂಡೀಪುರ, ಬಿಳಿಗಿರಿರಂಗನ ಬೆಟ್ಟದಲ್ಲಿ ಮಾಡುತ್ತಿರುವುದೂ ಇದನ್ನೇ. ಹೀಗೆ ಎರಡು ಕಡೆಯಿಂದಲೂ ಅಚಾತುರ್ಯ ನಡೆದಿದೆ. ಜೂನ್ ಜುಲೈ ತಿಂಗಳಲ್ಲಿ, ಬೀಜ ಕಟ್ಟುವ ಮೊದಲು, ಹೊಳೆದಂಡೆಯ ಬಾಲ್ಸಮ್ ಕೀಳುವ ಶ್ರಮದಾನ ಊರೂರಲ್ಲೂ ನಡೆಯುತ್ತದೆ. ಒಂದು ಶನಿವಾರ ಹೋಗಿ. ಬೇರು ಸಡಿಲ, ಸುಲಭವಾಗಿ ಬರುತ್ತದೆ. ಮಧ್ಯಾಹ್ನದ ಹೊತ್ತಿಗೆ ನಿಮಗೆ ಊರಿನ ನಾಲ್ಕು ಜನರ ಗುರುತೂ ಆಗಿರುತ್ತದೆ.

ಲೆಕ್ಕ ಇಟ್ಟ ಮಾತ್ರಕ್ಕೆ ಎಲ್ಲ ಸರಿಹೋಗುತ್ತದೆ ಎಂದು ನಾನು ಹೇಳಿದರೆ ಅದು ನಿಮಗೆ ಮಾಡುವ ಮೋಸ. ಜಗತ್ತಿನಲ್ಲಿ ಇಷ್ಟೊಂದು ಹವ್ಯಾಸಿಗಳು, ಇಷ್ಟು ಹಳೆಯ ದಾಖಲೆಗಳು ಇರುವ ದೇಶಗಳು ವಿರಳ. ಹಾಗಿದ್ದೂ ಬ್ರಿಟನ್ ಪ್ರಕೃತಿಯನ್ನು ಅತಿ ಹೆಚ್ಚು ಕಳೆದುಕೊಂಡ ದೇಶಗಳ ಸಾಲಿನಲ್ಲಿದೆ. ಹೊಲದ ಹಕ್ಕಿಗಳು 1970ರಿಂದ ಅರ್ಧಕ್ಕೂ ಹೆಚ್ಚು ಇಳಿದವು. ಅವು ಇಳಿಯುವುದನ್ನು ಇಲ್ಲಿಯವರು ವರ್ಷ ವರ್ಷವೂ ಅಚ್ಚುಕಟ್ಟಾಗಿ ಬರೆದುಕೊಂಡರು. ಪುಸ್ತಕದಲ್ಲಿರುವ ಅಂಕಿ ಕಾಯಿದೆಗೆ, ಗದ್ದೆಗೆ, ಬೇಲಿಗೆ ತಲುಪಿದಾಗ ಮಾತ್ರ ಹಕ್ಕಿಗೆ ಲಾಭ. ಆ ದಾರಿ ಉದ್ದ. ಟೋಪಿಗೆ ಹಕ್ಕಿಪುಕ್ಕ ಸಿಕ್ಕಿಸುವ ಫ್ಯಾಷನ್ನಿನ ವಿರುದ್ಧ ಎಮಿಲಿ ವಿಲಿಯಮ್ಸನ್ ಮ್ಯಾಂಚೆಸ್ಟರಿನಲ್ಲಿ ಹೆಂಗಸರನ್ನು ಸೇರಿಸಿದ್ದು 1889ರಲ್ಲಿ. ಪುಕ್ಕದ ಆಮದನ್ನು ನಿಷೇಧಿಸುವ ಕಾಯಿದೆ ಬಂದದ್ದು 1921ರಲ್ಲಿ. ನಡುವೆ ಮೂವತ್ತೆರಡು ವರ್ಷ, ಒಂದು ಮಹಾಯುದ್ಧ. ಆ ಹೆಂಗಸರು ಬಿಡಲಿಲ್ಲ. ಅವರು ಕಟ್ಟಿದ ಗುಂಪೇ ಇಂದಿನ ಆರ್‌ಎಸ್‌ಪಿಬಿ.

ಆಕ್ಸ್‌ಫರ್ಡಿನಿಂದ ಲಂಡನ್ನಿಗೆ ಬಸ್ಸಿನಲ್ಲಿ ಬರುವಾಗ ಚಿಲ್ಟರ್ನ್ ಗುಡ್ಡಗಳ ಮೇಲೆ ಕವಲುಬಾಲದ ರೆಡ್ ಕೈಟ್‌ಗಳನ್ನು ನೋಡಿರುತ್ತೀರಿ. ಬೆಂಗಳೂರಿನ ಕೆ.ಆರ್. ಮಾರ್ಕೆಟ್ಟಿನ ಮೇಲೆ ಸುತ್ತುವ ಹದ್ದಿನ ಹತ್ತಿರದ ನೆಂಟ ಅದು. ಕೊಂದು ಕೊಂದು, ಕಳೆದ ಶತಮಾನದ ಆರಂಭಕ್ಕೆ ವೇಲ್ಸಿನ ನಡುಭಾಗದಲ್ಲಿ ಬೆರಳೆಣಿಕೆಯಷ್ಟು ಉಳಿದಿದ್ದವು. ಊರಿನವರು ಗೂಡುಗಳಿಗೆ ಕಾವಲು ಕೂತು ತಲೆಮಾರುಗಳ ಕಾಲ ಅವನ್ನು ಉಳಿಸಿದರು. 1989ರಿಂದ ಸ್ಪೇನ್, ಸ್ವೀಡನ್‌ಗಳ ಮರಿಗಳನ್ನು ತಂದು ಇಂಗ್ಲೆಂಡ್, ಸ್ಕಾಟ್ಲೆಂಡ್‌ಗಳಲ್ಲಿ ಬಿಟ್ಟರು. ಈಗ ಸ್ಪೇನಿನಲ್ಲಿ ಅವು ಕಡಿಮೆಯಾಗಿವೆ, ಇಲ್ಲಿಂದಲೇ ಮರಿಗಳು ಅಲ್ಲಿಗೆ ಹೋಗಿವೆ. ಸುಮಾರು ನಾನೂರು ವರ್ಷ ಹಿಂದೆ ಅಳಿದುಹೋಗಿದ್ದ ಬೀವರ್ 2009ರಲ್ಲಿ ಸ್ಕಾಟ್ಲೆಂಡಿನ ನ್ಯಾಪ್‌ಡೇಲ್‌ಗೆ ಮರಳಿತು. 2025ರಲ್ಲಿ ಡಾರ್ಸೆಟ್‌ನಲ್ಲಿ ಸರ್ಕಾರದ ಪರವಾನಗಿಯೊಂದಿಗೆ ಇಂಗ್ಲೆಂಡಿನ ಬಯಲಿಗೂ ಬಂತು. ಇಂಥ ಕೆಲಸ ಆಗುತ್ತದೆ. ಕೆಲಸ ಶುರು ಮಾಡಿದವರ ಕಾಲದಲ್ಲೇ ಮುಗಿಯುತ್ತದೆ ಎಂಬ ಭರವಸೆ ಮಾತ್ರ ಇಲ್ಲ.

ನಿಮ್ಮ ಕೈಯಲ್ಲಿ ಆಗುವಂಥದ್ದನ್ನು ಹೇಳುತ್ತೇನೆ. ಹೆಡ್ಜ್‌ಹಾಗ್ ಒಂದು ರಾತ್ರಿಯಲ್ಲಿ ಒಂದೆರಡು ಕಿಲೋಮೀಟರ್ ಅಲೆದು ಹುಳು ಹುಡುಕುವ ಪ್ರಾಣಿ. ಮನೆ ಮನೆ ನಡುವೆ ಹಲಗೆ ಬೇಲಿ ಬಿಗಿದಿರುವುದರಿಂದ ಅದಕ್ಕೆ ದಾರಿಯಿಲ್ಲ. ಪಕ್ಕದ ಮನೆಯವರ ಒಪ್ಪಿಗೆ ಕೇಳಿ ಬೇಲಿಯ ಬುಡದಲ್ಲಿ 13 ಸೆಂಟಿಮೀಟರ್ ಚೌಕದ ತೂತು ಬಿಡಿಸಿ. ಹೊಸ ಮನೆ ಕೊಳ್ಳುವವರು ಬಿಲ್ಡರನ್ನು ಪ್ರಶ್ನಿಸಿ: 2024ರಿಂದ ಇಂಗ್ಲೆಂಡಿನಲ್ಲಿ ಅನೇಕ ಹೊಸ ಕಟ್ಟಡ ಯೋಜನೆಗಳು ಜೀವವೈವಿಧ್ಯವನ್ನು ಇದ್ದದ್ದಕ್ಕಿಂತ ಶೇ. 10ರಷ್ಟು ಹೆಚ್ಚಿಸಿ ತೋರಿಸಬೇಕು. ಎಲ್ಲಿ, ಹೇಗೆ ಹೆಚ್ಚಿಸಿದ್ದೀರಿ ಎಂದು ಕೇಳುವವರು ಬೇಕು. ಕೌನ್ಸಿಲ್ಲಿಗೆ ಪತ್ರ ಬರೆಯುವಾಗ ನಿಮ್ಮ ಎಣಿಕೆಯನ್ನು ಜೊತೆಗಿಡಿ. ಬೇಸರದ ಪತ್ರಕ್ಕಿಂತ ಅಂಕಿ ಇರುವ ಪತ್ರಕ್ಕೆ ಬೇಗ ಉತ್ತರ ಬರುತ್ತದೆ.

ರೈತರನ್ನು ಬೈಯಬೇಡಿ. ನಿಮ್ಮಲ್ಲಿ ಹೊಲಗದ್ದೆಯ ಮನೆಯಿಂದ ಬಂದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಯುದ್ಧದ ನಂತರ ಹೆಚ್ಚು ಬೆಳೆಯಿರಿ ಎಂದು ಸರ್ಕಾರವೇ ಹಣ ಕೊಟ್ಟಿತು, ಬೇಲಿ ಕೀಳಿಸಿತು. ಗೋಧಿಯನ್ನು ವಸಂತದ ಬದಲು ಶರತ್ಕಾಲದಲ್ಲೇ ಬಿತ್ತುವ ಪದ್ಧತಿ ಬಂತು. ಹಾಗಾಗಿ ಚಳಿಗಾಲದಲ್ಲಿ ಕಾಳು ಹೆಕ್ಕಲು ಕೂಳೆ ಹೊಲ ಉಳಿಯಲಿಲ್ಲ. ನೆಲದಲ್ಲಿ ಗೂಡು ಮಾಡಿ ಆಕಾಶದಲ್ಲಿ ಹಾಡುವ ಸ್ಕೈಲಾರ್ಕ್‌ಗೆ ಮೇ ತಿಂಗಳ ಹೊತ್ತಿಗೆ ಪೈರು ಕಾಲಿಡಲಾರದಷ್ಟು ಒತ್ತಾಯಿತು. ಕೇಂಬ್ರಿಡ್ಜ್‌ಷೈರಿನಲ್ಲಿ ಆರ್‌ಎಸ್‌ಪಿಬಿ ತಾನೇ ಒಂದು ಜಮೀನು ಕೊಂಡು, ಬೇಸಾಯ ಮಾಡುತ್ತಲೇ ಪರಿಹಾರ ಹುಡುಕಿತು. ಬಿತ್ತುವಾಗ ಹೆಕ್ಟೇರಿಗೆ ಎರಡು ಕಡೆ, ನಾಲ್ಕು ಮೀಟರ್ ಚೌಕದಷ್ಟು ಜಾಗ ಖಾಲಿ ಬಿಟ್ಟರೆ ಹಕ್ಕಿ ಇಳಿಯುತ್ತದೆ, ರೈತನಿಗೆ ಆಗುವ ನಷ್ಟ ಅತ್ಯಲ್ಪ. ಬಗೆಹರಿಯುವ ಜಗಳಗಳೆಲ್ಲ ಹೀಗೆ, ಎರಡೂ ಕಡೆಯವರ ಕಷ್ಟ ಅಳೆದವರಿಂದ ಬಗೆಹರಿಯುತ್ತವೆ.

ಹೊರಡುವ ಮುನ್ನ ನಾಲ್ಕು ಎಚ್ಚರಿಕೆ. ಗೂಡಿನ ಹತ್ತಿರ ಹೋಗಬೇಡಿ; ಬಳಕೆಯಲ್ಲಿರುವ ಗೂಡು ಕೆಡಿಸುವುದು 1981ರ ಕಾಯಿದೆಯ ಪ್ರಕಾರ ಅಪರಾಧ. ಅಪರೂಪದ ಹಕ್ಕಿಯ ಜಾಗವನ್ನು ಇನ್‌ಸ್ಟಾಗ್ರಾಂನಲ್ಲಿ ಸಾರಬೇಡಿ. ಮರ್ಲಿನ್ ಆ್ಯಪ್ ಹಾಡು ಗುರುತಿಸಿ ಹೆಸರು ಹೇಳುತ್ತದೆ, ಬಳಸಿ. ಹೆಸರು ಸಿಕ್ಕ ಮೇಲೆ ಫೋನು ಜೇಬಿಗಿಟ್ಟು ಆ ಹಾಡು ಕಿವಿಗೆ ಹತ್ತುವವರೆಗೆ ನಿಲ್ಲಿ. ವಿಷದ ಹಾವು ಇಲ್ಲಿ ಆ್ಯಡರ್ ಒಂದೇ, ಅದೂ ನಿಮ್ಮನ್ನು ಕಂಡರೆ ಸರಿದುಹೋಗುತ್ತದೆ. ಹೆದರಬೇಕಾದದ್ದು ಉಣ್ಣಿಗೆ. ಎತ್ತರದ ಹುಲ್ಲಿನಲ್ಲಿ ನಡೆದು ಬಂದ ದಿನ ಮೊಣಕಾಲ ಹಿಂದೆ, ತೊಡೆಸಂದಿಯಲ್ಲಿ ನೋಡಿಕೊಳ್ಳಿ. ಕಚ್ಚಿದ್ದರೆ ಚಿಮಟದಿಂದ ಚರ್ಮಕ್ಕೆ ಒತ್ತಿ ಹಿಡಿದು ನೇರ ಎಳೆದು ತೆಗೆಯಿರಿ. ಮುಂದಿನ ವಾರಗಳಲ್ಲಿ ಅಲ್ಲಿ ಕೆಂಪು ಉಂಗುರ ಹರಡಿದರೆ ತಡಮಾಡದೆ ಡಾಕ್ಟರ ಬಳಿ ಹೋಗಿ. ಅದು ಲೈಮ್ ಕಾಯಿಲೆ ಇರಬಹುದು, ಬೇಗ ಹಿಡಿದರೆ ಮಾತ್ರೆಯಲ್ಲಿ ವಾಸಿಯಾಗುತ್ತದೆ.

"ನಾವೇನು ಇಲ್ಲಿ ಖಾಯಂ ಇರುವವರಾ ಅಂಕಲ್? ವೀಸಾ ಮುಗಿದರೆ ಹೊರಟೆವು" ಎಂದು ಹೇಳುವವರೂ ಇದ್ದೀರಿ. ಎರಡೇ ವರ್ಷ ಇರುವವರ ಎರಡು ವರ್ಷದ ಎಣಿಕೆಯೂ ಆ ಚದರ ಕಿಲೋಮೀಟರಿನ ಲೆಕ್ಕದಲ್ಲಿ ಉಳಿಯುತ್ತದೆ. ಮುಂದೆ ಅಲ್ಲಿ ಎಣಿಸುವವರು ಅದರ ಪಕ್ಕದಲ್ಲೇ ತಮ್ಮದನ್ನು ಬರೆಯುತ್ತಾರೆ. ಕಲಿತ ಕಣ್ಣು, ಕಿವಿ ನಿಮ್ಮ ಜೊತೆ ವಿಮಾನ ಹತ್ತುತ್ತವೆ. ಧಾರವಾಡದ ಕೆರೆ ಏರಿಯಲ್ಲಿ, ಮೈಸೂರಿನ ಬಡಾವಣೆಯ ಪಾರ್ಕಿನಲ್ಲಿ, ನಿಮ್ಮ ಅಜ್ಜನ ತೋಟದ ಬದುವಿನಲ್ಲಿ ಎಣಿಸದೆ ಉಳಿದಿರುವುದು ಇಲ್ಲಿಗಿಂತ ಎಷ್ಟೋ ಹೆಚ್ಚು. ಸದ್ಯಕ್ಕೆ ಇಲ್ಲಿ ಇದ್ದೀರಿ. ಈ ಭಾನುವಾರ ಬೆಳಿಗ್ಗೆ ಬೇಗ ಎದ್ದು ಹಿಂಬಾಗಿಲು ತೆಗೆದು ನಿಲ್ಲಿ. ತಾರೀಖು, ಹೊತ್ತು, ಹವೆ, ಕಂಡ ಹಕ್ಕಿ, ಎಷ್ಟು ಎಂದು ಐದು ಕಲಂ ಎಳೆದು ಬರೆಯಿರಿ. ಮುಂದಿನ ಭಾನುವಾರವೂ ಅದನ್ನೇ ಮಾಡಿ.